ವರದಿ ಬರೆಯೋದನ್ನು ಕಲಿಯಲು ಎರಡು ವರ್ಷ ಯೂನಿವರ್ಸಿಟಿ ಯಾಕೆ?

ಪ್ರಶ್ನೆ: ನಮ್ಮೂರು ಶಹಾಪುರ. ಡಿಗ್ರಿ ಮುಗಿದಿದೆ. ಕಲಬುರಗಿಯಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಎಂ.ಎ. ಮಾಡುವ ಆಸೆ. "ವರದಿ ಬರೆಯೋದು ಪೇಪರ್ ಆಫೀಸಿನಲ್ಲೇ ಬರುತ್ತೆ, ಅದಕ್ಕೆ ಎರಡು ವರ್ಷ ಯಾಕೆ?" ಅಂತ ಅಪ್ಪ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಅಪ್ಪ ಹೇಳುವುದು ಅರ್ಧ ನಿಜ. ಸುದ್ದಿ ಬರೆಯುವುದು, ಹೆಡ್‌ಲೈನ್ ಕೊಡುವುದು, ಕ್ಯಾಮೆರಾ ಹಿಡಿಯುವುದು ಕೆಲಸ ಮಾಡುತ್ತಲೇ ಬರುತ್ತವೆ. ಅಷ್ಟೇ ಬೇಕಿದ್ದರೆ ಎಂ.ಎ. ಬೇಡ. ಆದರೆ ನಾವು ಹೇಳಿದ ಮಾತು ಜನರನ್ನು ಮುಟ್ಟಿದ ಮೇಲೆ ಏನಾಗುತ್ತದೆ? ದಿನಾ ಪುಟ ತುಂಬಿಸುವವರಿಗೆ ಅದನ್ನು ನೋಡಲು ಪುರುಸೊತ್ತು ಎಲ್ಲಿ? ಸಂವಹನ ಓದುವುದು ಅದಕ್ಕೇ.

ಅದನ್ನು ಓದಲು ನಮ್ಮ ಕಡೆಗಿಂತ ಒಳ್ಳೆ ಜಾಗ ಸಿಗುವುದು ಕಷ್ಟ. 1975ರ ಆಗಸ್ಟ್‌ನಲ್ಲಿ ಇಸ್ರೋ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತು. ಉಪಗ್ರಹದ ಮೂಲಕ ಟಿವಿ ಶಿಕ್ಷಣ ಕೊಡುವ ಈ ಪ್ರಯೋಗದ ಹೆಸರು 'ಸೈಟ್' (SITE). ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ನಿಮ್ಮ ಯಾದಗಿರಿ ಆಗ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು. ತಂತಿ ಜಾಲರಿಯ ದೊಡ್ಡ ಆಂಟೆನಾ, ಊರಿಗೆಲ್ಲ ಒಂದು ಟಿವಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಕಾರ್ಯಕ್ರಮ, ಕನ್ನಡದಲ್ಲೇ. ಪ್ರಯೋಗಕ್ಕೆ ಆರಿಸಿದ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ಹೋಗಿ ಉಳಿದರು. ಯಾರು ನೋಡುತ್ತಾರೆ, ಏನು ತಿಳಿಯಿತು, ಏನು ಬದಲಾಯಿತು ಅಂತ ಗಮನಿಸಿದರು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. 1977ರಲ್ಲಿ ಗುಲ್ಬರ್ಗಕ್ಕೇ ಟಿವಿ ಕೇಂದ್ರ ಬಂತು. ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ! ಇದು ನಮ್ಮ ಹುಡುಗರಿಗೇ ಗೊತ್ತಿಲ್ಲ ಅನ್ನೋದು ನನಗೆ ನಿಜವಾಗಿಯೂ ಬೇಸರದ ವಿಷಯ.

ಥಿಯರಿ ಅಂದರೆ ಬೋರು ಅನ್ನುವವರು ಜಾಸ್ತಿ. ಒಂದು ಉದಾಹರಣೆ ನೋಡಿ. 1940ರಲ್ಲಿ ಅಮೆರಿಕದ ಓಹಾಯೊದಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಚುನಾವಣೆ ಹೊತ್ತಿನಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಿಂತ ಪರಿಚಯದವರ ಮಾತೇ ಹೆಚ್ಚು ನಾಟುತ್ತದೆ ಅಂತ ಕಂಡಿತು. ಈಗ ಅದನ್ನು ಹಿಡಿದು ನಿಮ್ಮೂರ ಕಡೆ ಹೋಗಿ. ತೊಗರಿಗೆ ನೆಟೆ ರೋಗ ಬಂದಾಗ ರೈತರು ಯಾರನ್ನು ಕೇಳುತ್ತಾರೆ? ಕೃಷಿ ವಿಜ್ಞಾನಿಯನ್ನೋ, ಔಷಧಿ ಅಂಗಡಿಯವರನ್ನೋ, ಪಕ್ಕದ ಹೊಲದವರನ್ನೋ? ವಾಟ್ಸಾಪ್‌ನಲ್ಲಿ ಬಂದ ಸುಳ್ಳನ್ನು ಯಾರು ಹೇಳಿದ್ದಕ್ಕೆ ನಂಬಿದರು? ತಾಂಡಾದಲ್ಲಿ ಲಂಬಾಣಿ, ಪೇಟೆಯಲ್ಲಿ ದಖನಿ ಉರ್ದು, ಗಡಿಯಲ್ಲಿ ತೆಲುಗು, ಮರಾಠಿ. ಲಸಿಕೆ ಬಗ್ಗೆ ಕನ್ನಡದಲ್ಲಿ ಬರೆದ ಒಂದು ಪೋಸ್ಟರ್ ಇವರಲ್ಲಿ ಎಷ್ಟು ಜನರಿಗೆ ಮುಟ್ಟುತ್ತದೆ? ಎಂ.ಎ.ಯಲ್ಲಿ ಒಳ್ಳೆ ಸಂಶೋಧನಾ ಪ್ರಬಂಧ ಹುಟ್ಟುವುದು ಇಂಥ ಪ್ರಶ್ನೆಗಳಿಂದ. ಆರೋಗ್ಯ, ಕೃಷಿ ಇಲಾಖೆ, ಸ್ವಯಂಸೇವಾ ಸಂಸ್ಥೆಗಳಿಗೂ ಇದನ್ನು ಬಲ್ಲವರು ಬೇಕು. ವರದಿಗಾರಿಕೆ ಒಂದೇ ದಾರಿಯಲ್ಲ.

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇದೆ. ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ, ಅಲ್ಲಿಗೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿ ಹಾಕುವ ಮೊದಲು ಒಂದು ದಿನ ಸುಮ್ನೆ ಹೋಗಿ ಬನ್ನಿ. ಹಿಂದಿನ ವಿದ್ಯಾರ್ಥಿಗಳ ಪ್ರಬಂಧ ತೋರಿಸಿ ಅಂತ ಕೇಳಿ. ಅವರು ಹಳ್ಳಿಗೆ ಹೋಗಿ ಜನರನ್ನು ಮಾತಾಡಿಸಿದ್ದಾರಾ, ಬರೀ ಪುಸ್ತಕ ನೋಡಿ ಬರೆದಿದ್ದಾರಾ ಅನ್ನೋದು ಹತ್ತು ಪುಟ ತಿರುವಿದರೆ ಗೊತ್ತಾಗುತ್ತದೆ.