ಒಂದು ಕಿಲೋ ಗಾಂಜಾದಲ್ಲಿ ಅಮಲು ಎಷ್ಟು?

ಕಲಬುರಗಿ, ಬೀದರ್, ಯಾದಗಿರಿ ಕಡೆ ಪೇಪರ್ ಓದುವವರಿಗೆ ಈ ಸುದ್ದಿ ಹೊಸದಲ್ಲ. ತೊಗರಿ ಹೊಲದ ನಡುವೆ ಗಾಂಜಾ ಗಿಡ, ಪೊಲೀಸರ ದಾಳಿ, ಇಷ್ಟು ಕಿಲೋ ಹಸಿ ಗಾಂಜಾ ಜಪ್ತಿ. ಹತ್ತಿ ಹೊಲದಲ್ಲೂ ಕಬ್ಬಿನಲ್ಲೂ ಸಿಕ್ಕಿದ್ದಿದೆ. ಆದರೆ ಬಚ್ಚಿಡುವುದಕ್ಕೆ ತೊಗರಿಯಷ್ಟು ಅನುಕೂಲದ ಬೆಳೆ ಇನ್ನೊಂದಿಲ್ಲ. ಎರಡೂ ಗಿಡಗಳು ಹಗಲು ಸಣ್ಣದಾಗುತ್ತಾ ಬಂದಾಗ ಹೂವಿಗೆ ಬರುವಂಥವು. ಮುಂಗಾರಿಗೆ ಬಿತ್ತಿದರೆ ಎರಡೂ ಆಳೆತ್ತರ ಬೆಳೆದು, ಮಳೆಗಾಲ ಮುಗಿಯುವ ಹೊತ್ತಿಗೆ ಒಟ್ಟಿಗೇ ಮೊಗ್ಗಾಗುತ್ತವೆ. ಬದುವಿನ ಮೇಲೆ ನಿಂತು ನೋಡಿದವರಿಗೆ ಬರೀ ಹಸಿರು ಕಾಣುತ್ತದೆ. ಸಾಲಿನೊಳಗೆ ಇಳಿದರೆ ಮಾತ್ರ ಗುರುತು ಸಿಗುತ್ತದೆ. ತೊಗರಿಯದು ಮೂರೆಲೆ. ಗಾಂಜಾದ್ದು ಐದೋ ಏಳೋ ಎಸಳಿನ ಎಲೆ, ಅಂಚಿಗೆಲ್ಲ ಗರಗಸದ ಹಲ್ಲು. ಹೆಣ್ಣು ಗಿಡದ ಹೂಗೊಂಚಲು ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ, ಘಾಟು ಮೂಗಿಗೆ ಬಡಿಯುತ್ತದೆ.

ಆ ಅಂಟಿನಲ್ಲೇ ಇರುವುದು ಟಿಎಚ್‌ಸಿ, ಅಂದರೆ ಅಮಲೇರಿಸುವ ವಸ್ತು. ಇಸ್ರೇಲಿನ ರಫಾಯೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಅದನ್ನು ಗಿಡದಿಂದ ಬೇರ್ಪಡಿಸಿ ತೋರಿಸಿದರು. ಉರುಗ್ವೆ 2013ರಲ್ಲಿ ಗಾಂಜಾಕ್ಕೆ ಅನುಮತಿ ಕೊಟ್ಟಿತು, ಕೆನಡಾ 2018ರಲ್ಲಿ, ಜರ್ಮನಿ 2024ರಲ್ಲಿ. ನಮ್ಮಲ್ಲೂ ಕೊಡಿ ಅನ್ನುವವರಿದ್ದಾರೆ, ಕೊಟ್ಟರೆ ಊರು ಹಾಳಾಗುತ್ತದೆ ಅನ್ನುವವರೂ ಇದ್ದಾರೆ. ಇಬ್ಬರೂ ಗಾಂಜಾ ಅಂದರೆ ಒಂದೇ ಮಾಲು ಅಂದುಕೊಂಡು ಮಾತಾಡುತ್ತಾರೆ. ನನ್ನ ತಕರಾರು ಅಲ್ಲೇ ಇದೆ.

ನಮ್ಮ ಕಾನೂನೂ ಹಾಗೇ ಅಂದುಕೊಂಡಿದೆ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಪ್ರಕಾರ ಹೂವು, ಕಾಯಿ ಇರುವ ತುದಿ ಗಾಂಜಾ. ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿ ಸೊಪ್ಪು ಇದರ ಹೊರಗೆ ಉಳಿದಿದ್ದು ಹೀಗೆ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಜೈಲು. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಎಲ್ಲವೂ ತಕ್ಕಡಿಯ ಲೆಕ್ಕ. ಈಗ ಒಂದು ಕೂಡು-ಕಳೆ ಮಾಡಿ ನೋಡಿ. ಶೇ 3 ಟಿಎಚ್‌ಸಿ ಇರುವ ನಾಟಿ ಗಾಂಜಾ ಒಂದು ಕಿಲೋ ಅಂದರೆ 30 ಗ್ರಾಂ ಟಿಎಚ್‌ಸಿ. ಶೇ 15 ಇದ್ದರೆ ಅದೇ ಒಂದು ಕಿಲೋದಲ್ಲಿ 150 ಗ್ರಾಂ. ಐದು ಪಟ್ಟು ಜಾಸ್ತಿ ಅಮಲು, ಶಿಕ್ಷೆಯ ಲೆಕ್ಕ ಮಾತ್ರ ಒಂದೇ.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ. ಅಮೆರಿಕದಲ್ಲಿ ಜಪ್ತಿಯಾದ ಗಾಂಜಾದ ಸರಾಸರಿ ಟಿಎಚ್‌ಸಿ 1995ರಲ್ಲಿ ಶೇ 4ರ ಆಸುಪಾಸಿನಲ್ಲಿತ್ತು. 2014ಕ್ಕೆ ಶೇ 12 ಆಯಿತು. ನಮ್ಮಲ್ಲೂ ‘ಹೈಡ್ರೋ ಗಾಂಜಾ’ ಬಂದಿದೆ. ಮಣ್ಣಿಲ್ಲದೆ, ಕೋಣೆಯೊಳಗೆ, ದೀಪದ ಬೆಳಕಿನಲ್ಲಿ ಬೆಳೆಸಿದ ಖಡಕ್ ಮಾಲು ಅದು. 2022ರಲ್ಲಿ ಥಾಯ್ಲೆಂಡ್ ನಿರ್ಬಂಧ ತೆಗೆದ ಮೇಲೆ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದು ಸಿಕ್ಕಿಬಿದ್ದ ಪ್ರಕರಣಗಳು ಒಂದರ ಹಿಂದೆ ಒಂದು. ಒಂದು ದೇಶದ ಕಾನೂನು ಸಡಿಲವಾದರೆ ಇನ್ನೊಂದು ದೇಶದ ಹಾಸ್ಟೆಲ್ ಕೋಣೆಗೂ ಅದು ತಟ್ಟುತ್ತದೆ.

‘ನಮ್ಮ ಕಡೆ ಹಿಂದಿನಿಂದಲೂ ಇದೆಯಲ್ಲ’ ಅನ್ನುವ ಮಾತು ಬಂದೇ ಬರುತ್ತದೆ. ಹೌದು, ಇದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ ಎಂದು 2020ರಲ್ಲಿ ರಾಷ್ಟ್ರೀಯ ಪತ್ರಿಕೆಗಳೂ ಬರೆದವು. ಬ್ರಿಟಿಷರು 1893ರಲ್ಲಿ ನೇಮಿಸಿದ ಆಯೋಗ ಸಾವಿರಕ್ಕೂ ಹೆಚ್ಚು ಜನರ ಹೇಳಿಕೆ ಪಡೆದು, ಮಿತವಾಗಿ ಸೇದಿದರೆ ಹೇಳಿಕೊಳ್ಳುವ ಹಾನಿ ಇಲ್ಲ, ನಿಷೇಧದ ಬದಲು ತೆರಿಗೆ ಹಾಕಿ ಹಿಡಿತದಲ್ಲಿಡಿ ಎಂದಿತು. ಆ ವರದಿಯನ್ನು ನಾನು ಗೌರವದಿಂದಲೇ ಓದುತ್ತೇನೆ. ಆದರೆ ಅದು ಆ ಕಾಲದ ಗಿಡದ ಬಗ್ಗೆ, ಆ ಕಾಲದ ಸೇದುವವರ ಬಗ್ಗೆ ಬರೆದದ್ದು. ಮಠದ ಅಂಗಳದಲ್ಲಿ ಹಿರಿಯರ ಕೈಯಿಂದ ಕೈಗೆ ಹೋಗುವ ಚಿಲುಮೆಗೂ, ದಿನಾ ಹೈಡ್ರೋ ಸೇದುವ 16 ವರ್ಷದ ಹುಡುಗನಿಗೂ ಒಂದೇ ತೀರ್ಪು ಬರೆಯುವುದು ತಪ್ಪು.

ಯಾಕೆಂದರೆ ಮೆದುಳು 25ರ ಹತ್ತಿರದವರೆಗೂ ಬೆಳೆಯುತ್ತಲೇ ಇರುತ್ತದೆ. ಬಳಸಿದವರಲ್ಲಿ ಸುಮಾರು ಶೇ 9 ಮಂದಿ ಚಟಕ್ಕೆ ಬೀಳುತ್ತಾರೆ ಎಂಬ ಅಂದಾಜಿದೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಅದು ಶೇ 17. ಯುರೋಪಿನ ಹಲವು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಗಂಭೀರ. ದಿನಾ ಬಳಸುವವರಿಗೆ ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಅನುಮಾನ ಪಡುವ ಕಾಯಿಲೆ ಬರುವ ಸಂಭವ ಮೂರು ಪಟ್ಟು. ಖಡಕ್ ಮಾಲನ್ನು ದಿನಾ ಬಳಸಿದರೆ ಐದು ಪಟ್ಟಿನ ಹತ್ತಿರ.

ಇನ್ನು ರಸ್ತೆ. ಸಾರ್ವಜನಿಕ ಸುರಕ್ಷತೆ ಅಂದರೆ ನನಗೆ ಮೊದಲು ನೆನಪಾಗುವುದು ಹುಮನಾಬಾದ್ ಮೇಲೆ ಹಾದುಹೋಗುವ ಹೈದರಾಬಾದ್-ಪುಣೆ ಹೆದ್ದಾರಿ. ಅಲ್ಲಿ ಕುಡಿದ ಚಾಲಕನನ್ನು ಹಿಡಿಯುವುದು ಸುಲಭ. ಕೊಳವೆಗೆ ಊದಿಸಿದರೆ ಮುಗಿಯಿತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಕೇಸು. ಮದ್ಯ ನೀರಿನಲ್ಲಿ ಬೆರೆಯುತ್ತದೆ, ಹಾಗಾಗಿ ಉಸಿರಿನ ಅಳತೆಗೂ ಮತ್ತಿಗೂ ತಾಳೆಯಾಗುತ್ತದೆ. ಟಿಎಚ್‌ಸಿ ಒಗ್ಗರಣೆಯ ಎಣ್ಣೆ ಇದ್ದಂತೆ, ನೀರಿಗೆ ಸೇರುವುದಿಲ್ಲ. ಸೇದಿದ ಕೆಲವೇ ನಿಮಿಷಕ್ಕೆ ರಕ್ತದಲ್ಲಿ ಏರಿ, ಅಷ್ಟೇ ಬೇಗ ಇಳಿದು ದೇಹದ ಕೊಬ್ಬಿನಲ್ಲಿ ಕೂರುತ್ತದೆ. ಅಲ್ಲಿಂದ ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಹಾಗಾಗಿ ದಿನಾ ಸೇದುವವನ ರಕ್ತದಲ್ಲಿ ಅಮಲಿಳಿದ ಮರುದಿನವೂ ಟಿಎಚ್‌ಸಿ ಸಿಗುತ್ತದೆ. ಅಪರೂಪಕ್ಕೆ ಸೇದಿದವನ ರಕ್ತದಲ್ಲಿ, ತಲೆ ಇನ್ನೂ ಗಿರ್ ಅನ್ನುತ್ತಿರುವಾಗಲೇ ಕಡಿಮೆಯಾಗಿರುತ್ತದೆ. ವಾಷಿಂಗ್ಟನ್ ರಾಜ್ಯ ಒಂದು ಮಿಲಿಲೀಟರ್ ರಕ್ತಕ್ಕೆ 5 ನ್ಯಾನೋಗ್ರಾಂ ಎಂದು ಗೆರೆ ಎಳೆದಿದೆ. ಆ ಗೆರೆ ನಿರಪರಾಧಿಯನ್ನು ಹಿಡಿದು, ಅಪಾಯದ ಚಾಲಕನನ್ನು ಬಿಡಬಹುದು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಮಾದಕ ವಸ್ತುವಿಗೆ ಗೆರೆಯೇ ಇಲ್ಲ, ‘ವಾಹನದ ಮೇಲೆ ಹಿಡಿತ ತಪ್ಪುವಷ್ಟು’ ಎಂದಷ್ಟೇ ಇದೆ.

ಗಾಂಜಾ ಸೇದಿದವನು ನಿಧಾನಕ್ಕೆ ಓಡಿಸುತ್ತಾನೆ, ಅಪಾಯ ಕಡಿಮೆ ಅಂತ ಕೆಲವರು ಹೇಳುತ್ತಾರೆ. ನಿಧಾನಕ್ಕೆ ಓಡಿಸುವುದು ನಿಜ. ಆದರೆ ಗಾಡಿ ಅತ್ತಿತ್ತ ವಾಲುತ್ತದೆ, ದಿಢೀರ್ ಅಂತ ಏನಾದರೂ ಎದುರಾದರೆ ಕಾಲು ಬ್ರೇಕಿಗೆ ತಡವಾಗಿ ಹೋಗುತ್ತದೆ. ನಮ್ಮ ರಸ್ತೆಯಲ್ಲಿ ದಿಢೀರ್ ಎದುರಾಗದ್ದು ಯಾವುದು ಹೇಳಿ? ಹಿಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಾಂಗ್ ಸೈಡಿನ ಬೈಕು, ಎಮ್ಮೆ. ಜೊತೆಗೆ ಒಂದು ಪೆಗ್ ಹಾಕಿದ್ದರೆ ಅಪಾಯ ಇನ್ನೂ ಜಾಸ್ತಿ.

ಕುಡಿಯುವ ಭಂಗಿಯದು ಬೇರೆ ಕಷ್ಟ. ಹೊಗೆ ನಿಮಿಷಗಳಲ್ಲಿ ಏರುತ್ತದೆ. ಹೊಟ್ಟೆಗೆ ಹೋದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಯಕೃತ್ತು ಅದನ್ನು ಇನ್ನೊಂದು ಖಡಕ್ ರೂಪಕ್ಕೆ ತಿರುಗಿಸುತ್ತದೆ, ಅಮಲು ಆರೆಂಟು ಗಂಟೆ ಇಳಿಯುವುದಿಲ್ಲ. ‘ಏನೂ ಆಗ್ಲಿಲ್ಲ’ ಅಂತ ಎರಡನೇ ಲೋಟ ಕುಡಿದು ಬೈಕ್ ಹತ್ತಿದವನಿಗೆ ದಾರಿ ನಡುವೆ ಎರಡೂ ಒಟ್ಟಿಗೆ ಏರುತ್ತವೆ.

ಅನುಮತಿ ಕೊಟ್ಟ ಕಡೆ ಆದದ್ದೇನು? ಅಮೆರಿಕದ ಐದು ರಾಜ್ಯಗಳ ಲೆಕ್ಕದಲ್ಲಿ ಗಾಯಾಳುಗಳಿರುವ ರಸ್ತೆ ಅಪಘಾತ ಸುಮಾರು ಶೇ 6 ಏರಿತು. ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆ. ಕೆನಡಾದಲ್ಲಿ ಗಾಂಜಾ ಬೆರೆಸಿದ ಮಿಠಾಯಿ ತಿಂದು ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು, ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿ ಇದ್ದರೂ. ಇನ್ನೊಂದು ಕಡೆ ಗಾಂಜಾ ಕೇಸಿನಲ್ಲಿ ಜೈಲು ಕಾಣುವ ಯುವಕರು ಕಡಿಮೆಯಾದರು.

ನಿಷೇಧ ಇದ್ದರೆ ಸುರಕ್ಷಿತ ಅಂತಲೂ ನಾನು ಹೇಳುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರ್ಮಿನ ನೆಲ ಅಗೆದಾಗ 1,300 ಕಿಲೋಗೂ ಹೆಚ್ಚು ಗಾಂಜಾ ಸಿಕ್ಕಿತು. ಒಡಿಶಾದಿಂದ ಬಂದ ಮಾಲು. 2022ರಲ್ಲಿ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರ ಗಡಿ ದಾಟಿದ ಅದೇ ಜಿಲ್ಲೆಯ ಸರ್ಕಲ್ ಇನ್‌ಸ್ಪೆಕ್ಟರ್ ಒಬ್ಬರನ್ನು ಗುಂಪೊಂದು ಗಂಭೀರ ಗಾಯವಾಗುವಂತೆ ಹೊಡೆಯಿತು. ಈ ದಂಧೆಯಲ್ಲಿ ಪ್ಯಾಕೆಟ್ಟಿನ ಮೇಲೆ ಟಿಎಚ್‌ಸಿ ಎಷ್ಟು ಅಂತ ಬರೆದಿರುವುದಿಲ್ಲ, ಕೊಳ್ಳುವವನ ವಯಸ್ಸನ್ನೂ ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ನಿಲುವು ಇಷ್ಟು. ಟಿಎಚ್‌ಸಿ ಅಳೆಯುವ ಲ್ಯಾಬು ಜಿಲ್ಲೆಗೊಂದು ಬರದೆ, ರಸ್ತೆಯಲ್ಲಿ ಚಾಲಕನ ಕಣ್ಣು, ನಡಿಗೆ, ಸಮತೋಲನ ಪರೀಕ್ಷಿಸಲು ಪೊಲೀಸರಿಗೆ ತರಬೇತಿ ಸಿಗದೆ ಅಂಗಡಿ ತೆರೆಯುವ ಮಾತು ಬೇಡ. ಆದರೆ ಸೇದಿ ಸಿಕ್ಕಿಬಿದ್ದ ಹುಡುಗನಿಗೆ ಜೈಲಿಗಿಂತ ಡಾಕ್ಟರ ಹತ್ತಿರದ ದಾರಿ ಮೊದಲು ತೋರಿಸಬೇಕು. ದೇಶದಲ್ಲಿ 72 ಲಕ್ಷ ಜನರಿಗೆ ಗಾಂಜಾ, ಭಂಗಿ ಸಂಬಂಧದ ತೊಂದರೆಗೆ ನೆರವು ಬೇಕು ಎಂದು ಏಮ್ಸ್ ನೇತೃತ್ವದ ಸಮೀಕ್ಷೆ 2019ರಲ್ಲಿ ಹೇಳಿತು. ಮನೆಯವರು ಎಷ್ಟೋ ಸಲ ಕೇಸಿನ ಹೆದರಿಕೆಗೇ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ, ಅಲ್ವಾ? ಅವರಿಗೆ ಗೊತ್ತಿರಬೇಕಾದ ಸೆಕ್ಷನ್ ಒಂದು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ, 64ಎ. ಚಟಕ್ಕೆ ಬಿದ್ದವರು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿದ್ದು, ತಾವಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವರ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು, ಅಷ್ಟೇ ಷರತ್ತು. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು. ಕರೆಗೆ ದುಡ್ಡಿಲ್ಲ.