ಸಹಭಾಗಿತ್ವ: ಭಾಗ ಎಲ್ಲಿದೆ?

ಕಳೆದ ತಿಂಗಳು ಕೊಡಗಿನ ಪೊನ್ನಂಪೇಟೆ ಕಡೆಯ ಸಭಾಂಗಣವೊಂದರಲ್ಲಿ ‘ಸಮುದಾಯದ ಸಹಭಾಗಿತ್ವದಲ್ಲಿ ನವೀನ ಯೋಜನೆಗಳು: ಸಾಮಾಜಿಕ ಸಮತೆ ಮತ್ತು ಸ್ವಾಸ್ಥ್ಯದೆಡೆಗೆ’ ಎಂಬ ಬ್ಯಾನರಿನ ಕೆಳಗೆ ಎರಡು ಗಂಟೆ ಕುಳಿತಿದ್ದೆ. ಆದಿವಾಸಿಗಳ ಹಾಡಿಗಳಿಂದ ಜೀಪಿನಲ್ಲಿ ಕರೆತಂದವರು ಹಿಂದಿನ ಸಾಲುಗಳಲ್ಲಿದ್ದರು. ಯೋಜನೆ ಮೊದಲೇ ಸಿದ್ಧವಾಗಿತ್ತು, ಅದನ್ನು ಪರದೆಯ ಮೇಲೆ ತೋರಿಸಿದರು. ಉದ್ದನೆಯ ಪುಸ್ತಕವೊಂದು ಸಾಲಿನಿಂದ ಸಾಲಿಗೆ ಹೋಯಿತು. ಸಹಿಗಳೂ ಹೆಬ್ಬೆಟ್ಟುಗಳೂ ಬಿದ್ದವು. ಕೊನೆಗೆ ಟೊಮೆಟೊ ಬಾತ್ ಪೊಟ್ಟಣ ಹಂಚಿದರು. ಮರುದಿನ ಓದಿದ ವರದಿಯಲ್ಲಿ ‘ಆದಿವಾಸಿ ಸಮುದಾಯದ ಸಕ್ರಿಯ ಸಹಭಾಗಿತ್ವ’ ಎಂದಿತ್ತು. ಈ ಪದವನ್ನು ಹೀಗೆ ಬಳಸಿದ್ದನ್ನು ಎಷ್ಟೋ ಸಲ ನೋಡಿ ಸುಮ್ಮನಿದ್ದೇನೆ. ಈ ಸಲ ಆಗಲಿಲ್ಲ.

ಪದದ ನಡುವೆ ಕುಳಿತಿರುವುದು ‘ಭಾಗ’. ಅದರ ಮೂಲ ಸಂಸ್ಕೃತದ ‘ಭಜ್’ ಧಾತು. ಹಂಚು, ಹಂಚಿಕೆಯಲ್ಲಿ ಪಡೆ ಎಂಬುದು ಅದರ ಹಳೆಯ ಅರ್ಥ. ಈ ಒಂದು ಧಾತುವಿನ ಸಂಸಾರ ಬಹಳ ದೊಡ್ಡದು. ವಿಭಾಗ, ವಿಭಜನೆ ಎಲ್ಲರಿಗೂ ಗೊತ್ತು. ಭಾಗ್ಯವೂ ಅದೇ ಮನೆಯದು: ಒಬ್ಬನ ಭಾಗಕ್ಕೆ ಬಂದದ್ದು ಭಾಗ್ಯ. ಸರ್ಕಾರಿ ಯೋಜನೆಗಳ ಹೆಸರಿನ ಬಾಲಕ್ಕೆ ‘ಭಾಗ್ಯ’ ಸೇರಿಸುವಾಗ ನಾವು ಅದನ್ನು ಅದೃಷ್ಟ ಎಂದು ಓದುತ್ತೇವೆ, ಮೂಲದಲ್ಲಿ ಅದು ಸಲ್ಲಬೇಕಾದ ಪಾಲು. ಭಕ್ತ, ಭಕ್ತಿ, ಭಗವಂತ ಕೂಡ ಇಲ್ಲಿಂದಲೇ ಹೊರಟವರು. ಇನ್ನೂ ಒಂದು ಇದೆ. ಸಂಸ್ಕೃತದಲ್ಲಿ ‘ಭಕ್ತ’ ಎಂದರೆ ಬೇಯಿಸಿದ ಅನ್ನವೂ ಹೌದು, ಹಂಚಿ ಬಡಿಸಿದ್ದು ಎಂಬ ಅರ್ಥದಲ್ಲಿ. ಅದು ಪ್ರಾಕೃತದ ಹಾದಿ ಹಿಡಿದು ‘ಭಾತ್’ ಆಗಿ, ನಮ್ಮ ಹೋಟೆಲುಗಳಲ್ಲಿ ವಾಂಗಿಬಾತ್, ಬಿಸಿಬೇಳೆಬಾತ್ ಆಗಿದೆ. ಹಾಗೆ ನೋಡಿದರೆ ಆ ದಿನ ಹಿಂದಿನ ಸಾಲಿನವರಿಗೆ ನಿಜವಾಗಿ ದಕ್ಕಿದ ಭಾಗ ಆ ಪೊಟ್ಟಣದಲ್ಲಿತ್ತು.

ಭಾಗ ಉಳ್ಳವನು ಭಾಗಿ. ಜೊತೆಗೆ ಭಾಗ ಉಳ್ಳವನು ಸಹಭಾಗಿ. ಆ ಸ್ಥಿತಿ ಸಹಭಾಗಿತ್ವ. ಬಂದವನು, ಕುಳಿತವನು, ಕೇಳಿದವನು ಎಂಬ ಅರ್ಥ ಪದದ ಯಾವ ಮೂಲೆಯಲ್ಲಿಯೂ ಇಲ್ಲ. (‘ಸಹಭಾಗಿತ್ವತೆ’ ಎಂದು ಬರೆಯುವವರೂ ಇದ್ದಾರೆ. ‘ತ್ವ’ದ ಮೇಲೆ ‘ತೆ’ ಏರಿಸುವುದು ಟೋಪಿಯ ಮೇಲೆ ಟೋಪಿ ಇಟ್ಟಂತೆ. ‘ನಾವೀನ್ಯತೆ’ಯದೂ ಅದೇ ಪಾಡು, ನಾವೀನ್ಯ ಎಂದರೆ ಸಾಕು.)

ಅಚ್ಚಗನ್ನಡ ಪದ ಬಳಸಿದರೆ ಈ ತೊಂದರೆ ಇರುವುದಿಲ್ಲ ಎನ್ನುವವರಿಗೆ ಒಂದು ಮಾತು. ‘ಪಾಲ್ಗೊಳ್ಳು’ ಎಂದರೆ ಪಾಲನ್ನು ಕೊಳ್ಳು, ತನ್ನ ಪಾಲು ತೆಗೆದುಕೊ. ಆ ಪದವನ್ನು ಕೂಡ ನಾವು ಸವೆಸಿ ‘ಹೋಗಿದ್ದೆ’ ಎಂಬಲ್ಲಿಗೆ ತಂದಿದ್ದೇವೆ. ಸಮಾರಂಭದಲ್ಲಿ ಪಾಲ್ಗೊಂಡೆ ಎನ್ನುವವನು ಅಲ್ಲಿಂದ ಏನನ್ನೂ ತಂದಿರುವುದಿಲ್ಲ, ಹೆಚ್ಚೆಂದರೆ ಒಂದು ಹಾರ. ನನ್ನ ಅಜ್ಜ ಹೇಳುತ್ತಿದ್ದ ಹಳೆಯ ಹಂದಿಬೇಟೆಯ ಕಥೆಗಳಲ್ಲಿ ಮಾತ್ರ ಪಾಲು ಎಂದರೆ ಪಾಲೇ. ಗುಂಡು ಹೊಡೆದವನಿಗೆ ಇಷ್ಟು, ಕಾಡು ಸೋಹಿ ಹಂದಿ ಎಬ್ಬಿಸಿದವರಿಗೆ ಇಷ್ಟು, ನಾಯಿಗೂ ಇಷ್ಟು. ನಾಯಿಯ ಪಾಲನ್ನು ಯಾರೂ ಅನುದಾನ ಎಂದು ಕರೆಯುತ್ತಿರಲಿಲ್ಲ.

ಪಾಲಿನ ಇನ್ನೊಂದು ಗುಣ ಬ್ಯಾನರುಗಳಿಗೆ ಹಿಡಿಸುವುದಿಲ್ಲ: ಲಾಭದಲ್ಲಿ ಪಾಲಿರುವವನಿಗೆ ನಷ್ಟದಲ್ಲಿಯೂ ಪಾಲಿರುತ್ತದೆ, ಜಗಳವಾಡುವ ಹಕ್ಕೂ ಇರುತ್ತದೆ. ‘ದಾಯಾದಿ’ ಪದವನ್ನೇ ನೋಡಿ. ದಾಯ ಎಂದರೆ ಪಿತ್ರಾರ್ಜಿತದ ಪಾಲು, ಅದನ್ನು ಪಡೆಯುವವನು ದಾಯಾದಿ. ನಿಜವಾದ ಸಹಭಾಗಿ ಎಂದರೆ ಅವನೇ. ಅವನ ಹೆಸರು ಬೈಗುಳಕ್ಕೆ ಹತ್ತಿರವಾದದ್ದು ಆಶ್ಚರ್ಯವಲ್ಲ. ಲಕ್ಷ್ಮಣತೀರ್ಥದ ದಡದ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವವನಿಗೂ ಗದ್ದೆಯ ಒಡೆಯನಿಗೂ ಇರುವುದು ಸಹಭಾಗಿತ್ವ, ಹೊಳೆ ಉಕ್ಕಿದರೆ ಇಬ್ಬರ ಭತ್ತವೂ ಹೋಗುತ್ತದೆ. ಕಾಫಿ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಯ್ದು ಸಂಜೆ ಲೈನ್ ಮನೆಗೆ ಹಿಂತಿರುಗುವವರದು ಕೂಲಿ. ಕೂಲಿ ಎಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಕಾಫಿಯ ಬೆಲೆ ಏರಿದ ವರ್ಷವೂ ಅದೇ ಕೂಲಿ ಕೊಟ್ಟು, ‘ನಮ್ಮ ಕಾರ್ಮಿಕರು ನಮ್ಮ ಸಹಭಾಗಿಗಳು’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸುವುದು ಬೇರೆ ಮಾತು. ಸಹಕಾರ ಎಂದರೆ ಜೊತೆಗೂಡಿ ಮಾಡುವುದು, ಸಹಯೋಗ ಎಂದರೆ ಜೊತೆಗೂಡುವುದು. ಇವೆರಡೂ ಒಳ್ಳೆಯ ಪದಗಳೇ, ಎಷ್ಟೋ ಕಡೆ ಇವು ಸಾಕು.

ಕೊಡಗಿಗೆ ಈ ಪದದ ಜೊತೆ ಹಳೆಯ ಲೆಕ್ಕವಿದೆ. ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹಬ್ಬಿರುವ ನಾಗರಹೊಳೆಯೂ ಸೇರಿದಂತೆ ದೇಶದ ಏಳು ಸಂರಕ್ಷಿತ ಪ್ರದೇಶಗಳಿಗೆ 1996ರಲ್ಲಿ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಬಂತು. ಅದರ ಕಾಗದಗಳ ತುಂಬ ಜನರ ಸಹಭಾಗಿತ್ವದ ಮಾತಿತ್ತು. 1998ರಲ್ಲಿ ನಾಗರಹೊಳೆಯ ಆದಿವಾಸಿಗಳ ಸಂಘಟನೆ ಬ್ಯಾಂಕಿನದೇ ತಪಾಸಣಾ ಮಂಡಳಿಗೆ ದೂರು ಕೊಟ್ಟಿತು: ಯೋಜನೆಯನ್ನು ರೂಪಿಸುವಾಗ ನಮ್ಮನ್ನು ಕೇಳಲೇ ಇಲ್ಲ ಎಂದು. ಅಲ್ಲಿನ ಆದಿವಾಸಿಗಳಾದ ಜೇನುಕುರುಬರಿಗೆ ಸಂಸ್ಕೃತ ವ್ಯುತ್ಪತ್ತಿ ಯಾರೂ ಹೇಳಿಕೊಟ್ಟಿರಲಿಲ್ಲ. ಪಾಲು ಇದೆಯೋ ಇಲ್ಲವೋ ಎಂಬುದು ಅದಿಲ್ಲದೆಯೂ ತಿಳಿಯುತ್ತದೆ.

ಕಾನೂನುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟ. 1993ರಿಂದ ರಾಜ್ಯದಲ್ಲಿರುವ ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿಯಲ್ಲಿ ಊರಿನವರು ಸದಸ್ಯರು, ಕಾರ್ಯದರ್ಶಿಯಾದರೋ ಅರಣ್ಯ ಇಲಾಖೆಯ ನೌಕರ. 2006ರ ಅರಣ್ಯ ಹಕ್ಕು ಕಾಯ್ದೆ ‘ಹಕ್ಕು’ ಎಂಬ ಪದ ಹಿಡಿದು ನಡೆಯುತ್ತದೆ. ಜೇನು, ಸೀಗೆಯಂಥ ಕಿರು ಅರಣ್ಯ ಉತ್ಪನ್ನದ ಮೇಲೆ ಅರ್ಹರಿಗೆ ಒಡೆತನ ಕೊಡುತ್ತದೆ. ಸಮುದಾಯಕ್ಕೆ, ಅದು ಕಾಯ್ದುಕೊಂಡು ಬಂದ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಕೊಡುತ್ತದೆ. ಹಕ್ಕು ನಿರ್ಣಯದ ಕೆಲಸ ಶುರುವಾಗುವುದೇ ಗ್ರಾಮಸಭೆಯಲ್ಲಿ. ಅದು ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲಿ ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು. ಇಷ್ಟಾಗಿಯೂ 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದನ್ನು ಜಿಲ್ಲೆ ನೋಡಿತು. ಕಾಗದದ ಹಕ್ಕಿಗೂ ನೆಲದ ಮೇಲಿನ ಪಾಲಿಗೂ ನಡುವೆ ಇನ್ನೂ ಒಂದು ಕಾಡಿದೆ.

ಬ್ಯಾನರಿನ ಉಳಿದೆರಡು ಪದಗಳ ಬಗ್ಗೆ ಚುಟುಕಾಗಿ. ಎಲ್ಲರಿಗೂ ಒಂದೇ ಅಳತೆಯ ಮನೆ ಕಟ್ಟಿಕೊಡುವುದು ಸಮಾನತೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ತೋಟವನ್ನೂ ಹಟ್ಟಿಯನ್ನೂ ಕಳೆದುಕೊಂಡವರು ಏನು ಕಳೆದುಕೊಂಡರೆಂದು ಕೇಳಿ ಕೊಡುವುದು ಸಮತೆ. ಇನ್ನು ‘ಸ್ವಾಸ್ಥ್ಯ’. ‘ಸ್ವ’ ಎಂದರೆ ತನ್ನದು, ‘ಸ್ಥ’ ಎಂದರೆ ನಿಂತಿರುವ. ತನ್ನಲ್ಲಿ ತಾನು ನೆಲೆನಿಂತವನು ಸ್ವಸ್ಥ. ನೆಲೆಯನ್ನೇ ಕಳೆದುಕೊಂಡವರಿಗೆ ಶಿಬಿರದಲ್ಲಿ ಅರ್ಧ ದಿನ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ‘ಸ್ವಾಸ್ಥ್ಯ’ ಎಂದು ಬರೆಯುವವರು ಆ ಎರಡು ಅಕ್ಷರಗಳನ್ನು ಒಮ್ಮೆ ಬಿಡಿಸಿ ಓದಬಹುದು.

ಸಭೆ ಮುಗಿದ ಮೇಲೆ ಸಂಘಟಕರೊಬ್ಬರನ್ನು ಕೇಳಿದೆ, ‘ಇದರಲ್ಲಿ ಹಾಡಿಯವರ ಸಹಭಾಗಿತ್ವ ಯಾವುದು ಸ್ವಾಮಿ?’ ಎಂದು. ಅವರು ಬೇಸರಿಸದೆ ಆ ಉದ್ದನೆಯ ಪುಸ್ತಕ ತೆರೆದು ಸಹಿಗಳನ್ನು ತೋರಿಸಿದರು. ಪುಸ್ತಕ ಮುಚ್ಚಿದಾಗ ರಟ್ಟಿನ ಮೇಲೆ ಅಂಗಡಿಯವನು ಅಂಟಿಸಿದ ಚೀಟಿ ಕಂಡಿತು. ಆ ದಿನ ಅಲ್ಲಿ ನಡೆದದ್ದಕ್ಕೆ ಸರಿಯಾದ ಪದ ಅದರ ಮೇಲೆ ಅಚ್ಚಾಗಿತ್ತು: ಹಾಜರಿ.