ಬೂದಿಯ ಬಣ್ಣ ನೋಡಿ ಹೆಜ್ಜೆ ಇಡಿ

ಕಾಡ್ಗಿಚ್ಚು ಆರಿ ಕೆಲವು ವಾರ ಕಳೆದ ಕಾಡಿನಲ್ಲಿ ನಡೆಯುವಾಗ ಕಣ್ಣು ತಾನಾಗಿ ಮೇಲಕ್ಕೆ, ಕರಕಲಾಗಿ ನಿಂತ ಮರಗಳ ಕಡೆಗೆ ಹೋಗುತ್ತದೆ. ನಾನಾದರೆ ಮೊದಲು ನೆಲ ನೋಡಿ ಎನ್ನುತ್ತೇನೆ.

ನೆಲದ ಬೂದಿ ಎಲ್ಲ ಕಡೆ ಒಂದೇ ಬಣ್ಣ ಇರುವುದಿಲ್ಲ. ಕಪ್ಪಗಿದ್ದರೆ ಕಸಕಡ್ಡಿ ಪೂರ್ತಿ ಉರಿಯದೆ ಇದ್ದಿಲಾಗಿ ಉಳಿದಿದೆ ಎಂದರ್ಥ. ಬೆಳ್ಳಗಿದ್ದರೆ ಅಲ್ಲಿ ಕಾವು ಜಾಸ್ತಿ ಇತ್ತು, ಹೆಚ್ಚು ಹೊತ್ತೂ ಇತ್ತು. ಇಂಗಾಲವೆಲ್ಲ ಸುಟ್ಟುಹೋಗಿ ಕ್ಯಾಲ್ಸಿಯಂನಂಥ ಖನಿಜಗಳು ಮಾತ್ರ ಉಳಿದಿವೆ. ಕೆಲವೆಡೆ ಬಿದ್ದ ಮರವೊಂದು ಇಡೀ ಉದ್ದಕ್ಕೂ ಬಿಳಿ ಗೆರೆಯಾಗಿ ಮಲಗಿರುತ್ತದೆ.

ಮರದ ಬುಡದ ಬಳಿ ಬಿಳಿ ಬೂದಿ ತುಂಬಿದ ಗುಂಡಿ ಕಂಡರೆ ಕಾಲಿಡಬೇಡಿ. ಬೊಡ್ಡೆ ಮತ್ತು ಬೇರುಗಳು ನೆಲದೊಳಗೆ ಜ್ವಾಲೆಯಿಲ್ಲದೆ ನಿಧಾನವಾಗಿ ಸುಟ್ಟು ಟೊಳ್ಳಾಗಿರುತ್ತವೆ. ಮೇಲೆ ತೆಳ್ಳನೆ ಮಣ್ಣು, ಕೆಳಗೆ ಇನ್ನೂ ಕೆಂಡ ಇರಬಹುದು. ಬೇರು ಹೋದ ಮರ ಗಾಳಿ ಇಲ್ಲದಿದ್ದರೂ ಉರುಳುತ್ತದೆ. ದಾರಿ ಮುಚ್ಚಿದ್ದಾರೆ ಎಂದರೆ ಸುಮ್ನೆ ಮುಚ್ಚಿರುವುದಿಲ್ಲ.

ಈಗ ಬೂದಿಯನ್ನು ಮೆಲ್ಲಗೆ ಸರಿಸಿ, ಮಣ್ಣಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಬಿಡಿ. ಎಷ್ಟೋ ಕಡೆ ಅದು ಇಂಗುವುದೇ ಇಲ್ಲ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ದುಂಡಗೆ ಕೂರುತ್ತದೆ! ಒಣಗಿದ ಎಲೆಗಳಲ್ಲಿ ಮೇಣದಂಥ ವಸ್ತುಗಳಿರುತ್ತವೆ. ಬೆಂಕಿಗೆ ಅವು ಆವಿಯಾಗುತ್ತವೆ. ಒಂದಷ್ಟು ಆವಿ ಕೆಳಕ್ಕಿಳಿದು, ತಂಪಾದ ಮಣ್ಣಿನ ಕಣಗಳಿಗೆ ಅಂಟಿ ಗಟ್ಟಿಯಾಗುತ್ತದೆ. ಹೀಗೆ ಮೇಲ್ಮಣ್ಣಿನಲ್ಲೋ ಕೆಲವೇ ಸೆಂಟಿಮೀಟರ್ ಆಳದಲ್ಲೋ ನೀರನ್ನು ಒಳಗೆ ಬಿಡದ ಪದರವೊಂದು ಹುಟ್ಟುತ್ತದೆ. ಹನಿಯ ಪೆಟ್ಟು ತಡೆಯಲು ಎಲೆಗಳಿಲ್ಲ, ಮಣ್ಣು ಹಿಡಿಯಲು ಹುಲ್ಲಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಮಣ್ಣು ಕೊಚ್ಚಿ ಬರಲು ಅರ್ಧ ಗಂಟೆಯ ಜೋರು ಮಳೆಯೂ ಸಾಕು. ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಊರಿನ ಮೇಲಿನ ಗುಡ್ಡಗಳು 2017ರ ಡಿಸೆಂಬರ್‌ನಲ್ಲಿ ಸುಟ್ಟವು. 2018ರ ಜನವರಿ 9ರ ನಸುಕಿನ ಮಳೆಗೆ ಕೆಸರು, ಬಂಡೆ, ಮರ ಎಲ್ಲ ಸೇರಿ ಊರಿಗೆ ನುಗ್ಗಿ 20ಕ್ಕೂ ಹೆಚ್ಚು ಜನ ಸತ್ತರು. ಸುಟ್ಟ ಕಣಿವೆಯಲ್ಲಿ ನಡೆಯುವಾಗ ಮೋಡ ಕಟ್ಟಿದರೆ ನಾನಂತೂ ಹಿಂದಿರುಗುತ್ತೇನೆ.

ಅದೇ ಮಣ್ಣನ್ನು ಇನ್ನೂ ನಾಲ್ಕು ಬೆರಳು ಕೆದಕಿ ನೋಡಿ. ಮಣ್ಣು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಬೆಂಕಿ ಬೇಗ ಹಾದುಹೋದ ಜಾಗದಲ್ಲಿ ಅಲ್ಲಿನ ಬೇರು, ಗೆಡ್ಡೆ, ಬೀಜಗಳು ಜೀವಂತ ಇರುತ್ತವೆ. ಕೆಲವು ಬೀಜಗಳಂತೂ ಹೊಗೆಗಾಗಿಯೇ ಕಾದಿರುತ್ತವೆ. ಹೊಗೆಯಲ್ಲಿ ಬೀಜವನ್ನು ಎಬ್ಬಿಸುವ ವಸ್ತು ಯಾವುದು ಅಂತ ಖಚಿತವಾಗಿದ್ದು 2004ರಲ್ಲಿ. ಆ ಬಗೆಯ ವಸ್ತುಗಳಿಗೆ ಕ್ಯಾರಿಕಿನ್ ಎಂದು ಹೆಸರು. ನೈಋತ್ಯ ಆಸ್ಟ್ರೇಲಿಯಾದ ನೂಂಗಾರ್ ಜನರ ಮಾತಿನಲ್ಲಿ 'ಕ್ಯಾರಿಕ್' ಎಂದರೆ ಹೊಗೆ. ಎಷ್ಟು ಸರಿಯಾದ ಹೆಸರು, ಅಲ್ವಾ! ಲಾಡ್ಜ್‌ಪೋಲ್ ಪೈನ್ ಮರದ ದಾರಿ ಬೇರೆ. ಅದರ ಎಷ್ಟೋ ಕಾಯಿಗಳು ರಾಳದಿಂದ ಬಿಗಿಯಾಗಿ ಅಂಟಿಕೊಂಡು ವರ್ಷಗಟ್ಟಲೆ ಮುಚ್ಚಿಯೇ ಇರುತ್ತವೆ. ಬಿಸಿಗೆ ರಾಳ ಕರಗಿದಾಗ ತೆರೆದುಕೊಂಡು ಬೀಜ ಉದುರಿಸುತ್ತವೆ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಮೂರನೇ ಒಂದಕ್ಕಿಂತ ಹೆಚ್ಚು ಭಾಗಕ್ಕೆ ಬೆಂಕಿ ತಗುಲಿತು. ಆಮೇಲೆ ಅಲ್ಲಿ ದಟ್ಟವಾಗಿ ಎದ್ದ ಪೈನ್ ಸಸಿಗಳು ಹೆಚ್ಚಾಗಿ ಇಂಥ ಬೀಜಗಳವೇ.

ಸುಟ್ಟ ಮರ ಹುಡುಕಿಕೊಂಡು ಬರುವವರೂ ಇದ್ದಾರೆ. ಮೆಲನೋಫಿಲಾ ಎಂಬ ಕಪ್ಪು ಜೀರುಂಡೆಯ ನಡುಗಾಲುಗಳ ಹತ್ತಿರ, ಬೆಂಕಿಯ ಇನ್‌ಫ್ರಾರೆಡ್ ಕಿರಣ (ಕಣ್ಣಿಗೆ ಕಾಣದ ಶಾಖದ ಕಿರಣ) ಗುರುತಿಸುವ ಪುಟ್ಟ ಗುಳಿಗಳಿವೆ. ಹೊಗೆ ಇನ್ನೂ ಆಡುತ್ತಿರುವಾಗಲೇ ಬಂದು ತೊಗಟೆಯಲ್ಲಿ ಮೊಟ್ಟೆ ಇಡುತ್ತದೆ. ಸತ್ತ ಮರ ರಾಳ ಸುರಿಸಿ ಮರಿಹುಳುಗಳನ್ನು ಮುಳುಗಿಸಲಾರದು. ಆ ಹುಳುಗಳಿಗಾಗಿ ಮರಕುಟಿಗಗಳು ಬರುತ್ತವೆ. ಕರಕಲು ಕಾಂಡದಿಂದ ಟಕ್ ಟಕ್ ಸದ್ದು ಕೇಳಿದರೆ ನಿಂತು ನೋಡಿ. ಆ ಮರದ ಎತ್ತರಕ್ಕಿಂತ ಜಾಸ್ತಿ ದೂರದಲ್ಲಿ ನಿಂತು ನೋಡಿ.